ಹಿಂದಿನ ಕುರ್ಚಿಯವಳ ನಿದ್ದೆ

ನಿದ್ದೆ ಬಾರದವರಿಗೆ ನಿದ್ದೆ ಬರುವ ಅಭ್ಯಾಸ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಇದೂ ಒಂದು ಕೆಲಸ, ಇದಕ್ಕೂ ಪಗಾರ ಕೊಡುತ್ತಾರೆ ಎಂಬುದನ್ನು ಅಣ್ಣನ ಹೆಂಡತಿ, ನಮ್ಮ ವೈನಿ, ಕೊನೆಯವರೆಗೂ ನಂಬಲಿಲ್ಲ. "ಮಂದಿಗೆ ಮಲಗಾಕ ಕಲಸ್ತೀಯೇನು? ಹಂಗಾರ ನಮ್ಮ ಮನಿಗೂ ಒಮ್ಮೆ ಬಾ, ನಿಮ್ಮಣ್ಣಗ ಮುಂಜಾನಿ ಏಳಾಕ ಕಲಸು" ಎಂದು ಹಬ್ಬಕ್ಕೆ ಹೋದಾಗಲೆಲ್ಲ ಛೇಡಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಗುವುದು ಸುಲಭವಿತ್ತು.

ಹೈದರಾಬಾದಿನ ಮೆಹದಿಪಟ್ಟಣಂ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮೊದಲು ವಾರ್ಡಿನ ನರ್ಸ್ ಆಗಿದ್ದೆ. ಬೆನ್ನು ಕೈಕೊಟ್ಟ ಮೇಲೆ ಹೊಸದಾಗಿ ತೆರೆದ ನಿದ್ರಾ ವಿಭಾಗಕ್ಕೆ ಹಾಕಿದರು. ಒಂದು ಮೇಜು, ಎದುರಿಗೆ ರೋಗಿಯ ಕುರ್ಚಿ, ಅದರ ಹಿಂದೆ ಗೋಡೆಗೆ ಒತ್ತಿ ರೋಗಿಯ ಕಡೆಯವರಿಗೆ ಇನ್ನೊಂದು ಕುರ್ಚಿ. ಕಿಟಕಿ ಇರಲಿಲ್ಲ. ಅಲ್ಲಿ ಕೂತು ಹಗಲೆಲ್ಲ ರಾತ್ರಿಯ ಮಾತಾಡಿ ನಿವೃತ್ತಳಾದೆ.

ಈಗ ಇದೇ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಕೋರ್ಸ್ ಮಾಡಿಕೊಂಡು ಬಂದವರು, ನನಗಿಂತ ಎಷ್ಟೋ ಹೆಚ್ಚು ಓದಿದವರು. ನಿಮ್ಮ ಅನುಭವ ಹೇಳಿ ಮೇಡಂ ಎನ್ನುತ್ತಾರೆ. ನಾನು ಯಾವಾಗ ಸೀನಿಯರ್ ಆದೆ, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದರಿಂದ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ಹೇಳುವುದಿದ್ದರೆ ಇವತ್ತಿಗೂ ಹೊಟ್ಟೆ ಉರಿಸುವುದನ್ನೇ ಹೇಳಬೇಕು.

ಮೊದಲು ಕೆಲಸದ ಮಾತು. ನಾವು ಹೇಳಿಕೊಡುತ್ತಿದ್ದ ಅಭ್ಯಾಸಗಳು ಸುಳ್ಳಲ್ಲ. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಎದ್ದು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಓಡಾಡಿ. ಮಧ್ಯಾಹ್ನ ನಿದ್ದೆ ಬೇಡ, ಆಮೇಲೆ ಚಹಾವೂ ಬೇಡ. ರಾತ್ರಿಯ ಊಟ ಬೇಗ ಆಗಲಿ, ಹಗುರವಾಗಿರಲಿ. ಫೋನು ಮಲಗುವ ಕೋಣೆಯ ಹೊರಗಿರಲಿ. ಹಾಸಿಗೆ ಇರುವುದು ನಿದ್ದೆಗೆ. ಅಲ್ಲಿ ಕೂತು ಟಿವಿ ನೋಡುವುದು, ವ್ಯವಹಾರ ಮಾತಾಡುವುದು, ಜಗಳ ತೆಗೆಯುವುದು ಬೇಡ. ನಿದ್ದೆ ಹತ್ತದಿದ್ದರೆ ಹೊರಳಾಡುತ್ತ ಗಡಿಯಾರ ನೋಡಬೇಡಿ. ಎದ್ದು ಬೇರೆ ಕಡೆ ಸುಮ್ಮನೆ ಕೂತು, ಕಣ್ಣು ಎಳೆಯತೊಡಗಿದಾಗ ಬಂದು ಮಲಗಿ. ಇಷ್ಟನ್ನೇ ಪಟ್ಟಾಗಿ ಪಾಲಿಸಿದವರಿಗೆ ಡಾಕ್ಟರು ಮಾತ್ರೆ ಕಡಿಮೆ ಮಾಡುತ್ತ ಬಂದು ಕೊನೆಗೆ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಅಭ್ಯಾಸಗಳ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಕೇಳುವವರು ಎಂಥವರು? ಅಬಿಡ್ಸ್‌ನಲ್ಲಿ ಹಳೆ ಪುಸ್ತಕ ಮಾರುವ ಒಬ್ಬ ಮುದುಕರಿದ್ದರು. ಸಂಜೆಯ ಚಹಾ ಬಿಟ್ಟೆ ಎಂದು ನನ್ನೆದುರು ಕೆನ್ನೆ ಮುಟ್ಟಿಕೊಂಡು ಆಣೆ ಮಾಡಿ ಹೋದವರು, ಮರುವಾರ ಸಂಜೆ ಬಸ್ ಸ್ಟಾಪಿನ ಪಕ್ಕದ ಇರಾನಿ ಹೋಟೆಲಿನಲ್ಲಿ ಬಸಿ ತುಂಬ ಚಹಾ ಹೊಯ್ದುಕೊಂಡು ಸೊರ್ರೆಂದು ಹೀರುತ್ತಿದ್ದರು. ನಾನು ಎದುರು ಹೋಗಿ ನಿಂತೆ. "ಚಾಯ್ ತೋ ಘರ್ ಕೀ ಛೋಡಾ ಅಮ್ಮಾ, ಯೇ ತೋ ಇರಾನೀ ಹೈ" ಎಂದರು, ಒಂದಿಷ್ಟೂ ನಾಚದೆ. ಬಿಟ್ಟದ್ದು ಮನೆಯ ಚಹಾ ಮಾತ್ರವಂತೆ, ಇದು ಇರಾನಿಯಂತೆ. ಇಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ?

ಸಿಟ್ಟು ಬರುತ್ತಿದ್ದುದು ಬೇರೆ ಕಡೆ. ನಮ್ಮ ವಿಭಾಗದ ಮುಖ್ಯಸ್ಥರು, ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದವರು, ಅಭ್ಯಾಸಗಳನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದರು. ತೆಲುಗು, ಉರ್ದು, ಇಂಗ್ಲಿಷ್. ಮೊದಲು ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಡುತ್ತಿದ್ದವಳು ಈಗ ಹಾಳೆ ಕೈಗಿಟ್ಟು ಮುಂದಿನವರನ್ನು ಕರೆಯುವ ಗಂಟೆ ಒತ್ತಿದರೆ ಮುಗಿಯಿತು. ಅಮೀರ್‌ಪೇಟ್‌ನಲ್ಲಿ ಕೋಚಿಂಗಿಗೆ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿ ಆ ಹಾಳೆಯನ್ನು ನಿಧಾನವಾಗಿ ಓದಿ, "ನಿಮ್ಮ ಕೋಣೆ ಕತ್ತಲಾಗಿ, ತಂಪಾಗಿ, ನಿಶ್ಶಬ್ದವಾಗಿ ಇರಲಿ" ಎಂಬಲ್ಲಿ ಬೆರಳಿಟ್ಟು ತೆಲುಗಿನಲ್ಲಿ ಕೇಳಿದಳು, "ನನ್ನ ಕೋಣೆ ಅಂದರೆ ಯಾವುದು ಮೇಡಂ?" ಅವಳ ಕೋಣೆಯಲ್ಲಿ ಮಂಚದ ಮೇಲೆ ಮಂಚ. ಒಬ್ಬಳು ಮಲಗುವ ಹೊತ್ತಿಗೆ ಇನ್ನೊಬ್ಬಳು ಓದಲು ಎದ್ದು ಲೈಟು ಹಾಕುತ್ತಾಳೆ. ಇದನ್ನು ದೊಡ್ಡ ಡಾಕ್ಟರಿಗೆ ಹೇಳಿದೆ. ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಳ್ಳಲು ಹೇಳಿ ಎಂದು ಹೊರಟುಹೋದರು. ಅವರು ಕೆಟ್ಟವರಲ್ಲ, ಓದಿಕೊಂಡವರು, ಯಾರಿಗೂ ದನಿಯೇರಿಸಿ ಮಾತಾಡಿದವರಲ್ಲ. ಆದರೆ ಅವರ ಲೆಕ್ಕದಲ್ಲಿ ಪ್ರತಿಯೊಬ್ಬ ರೋಗಿಯೂ ಒಂದು ಖಾಲಿ ಮನೆಯಲ್ಲಿ ಒಬ್ಬನೇ ಇರುತ್ತಿದ್ದ.

ಈ ಲೆಕ್ಕ ಎಷ್ಟು ತಪ್ಪಾಗಬಹುದು ಎಂಬುದನ್ನು ಗೌರಾಬಾಯಿ ಮತ್ತು ಅವರ ಸೊಸೆ ಸುವರ್ಣಾ ನನಗೆ ತೋರಿಸಿದರು.

ಗೌರಾಬಾಯಿಯವರದು ವಿಜಯಪುರದ ಕಡೆಯ ಮನೆತನ. ಮದುವೆಯಾಗಿ ಬಂದಾಗಿನಿಂದ ಹೈದರಾಬಾದಿನಲ್ಲೇ ಇದ್ದವರು. ಮಗ ಬಸವರಾಜ ಅಬಿಡ್ಸ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಗಂಡ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಹೋಗಿತ್ತು. ಒಂದು ದಿನ ಸೊಸೆಯ ಕೈ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ನಾನು ಕನ್ನಡದಲ್ಲಿ ಬರ್ರಿ, ಕುಂದರ್ರಿ ಎಂದದ್ದೇ ತಡ, ಸೆರಗು ಕಣ್ಣಿಗೆ ಹೋಯಿತು.

"ಕನ್ನಡದಾಕಿ ಅದೀಯೇನವಾ? ಪುಣ್ಯಾ ಬರಲಿ ನಿನಗ. ಎಲ್ಲಾ ಡಾಕ್ಟರ ಮುಂದೂ ಹಿಂದಿಯೊಳಗ ಹೇಳಬೇಕು. ಹಿಂದಿಯೊಳಗ ನನಗ ಅಳಾಕ ಬರೂದಿಲ್ಲ."

ಅವರ ಸಂಕಟ ನಾಟಕವಲ್ಲ. ಅದನ್ನು ನಾನು ಈಗಲೂ ಹೇಳುತ್ತೇನೆ. ಜೊತೆಗೆ ಮಲಗುತ್ತಿದ್ದ ಜೀವ ಇಲ್ಲವಾದರೆ ಹಾಸಿಗೆ ಹೇಗೆ ಮೈಗೆ ಚುಚ್ಚುತ್ತದೆ ಎಂಬುದನ್ನು ಅವರು ಹೇಳುತ್ತಿದ್ದರೆ ನಾನು ಬರೆಯುವುದನ್ನು ಬಿಟ್ಟು ಕೇಳಿದೆ. ಹಾಳೆ ಕನ್ನಡದಲ್ಲಿ ಇರಲಿಲ್ಲವಾದ್ದರಿಂದ ಎಲ್ಲವನ್ನೂ ಬಾಯಲ್ಲಿ ಹೇಳಿದೆ. ದೊಡ್ಡ ಡಾಕ್ಟರು ವಯಸ್ಸಾದವರಿಗೆಂದು ಸೇರಿಸಿದ್ದ ಇನ್ನೆರಡನ್ನೂ ಹೇಳಿದೆ. ಮಲಗುವ ಮೊದಲು ಕಾಲನ್ನು ಬಿಸಿನೀರಿನಲ್ಲಿ ಇಡುವುದು, ಆಮೇಲೆ ಅಂಗಾಲಿಗೆ ಎಣ್ಣೆ. ಅತ್ತೆ ತಲೆಯಾಡಿಸುತ್ತ ಕೇಳಿದರು. ಹಿಂದಿನ ಕುರ್ಚಿಯಲ್ಲಿ ಕೂತ ಸುವರ್ಣಾ ಒಂದೊಂದನ್ನೂ ಬೆರಳು ಮಡಚಿ ನೆನಪಿಟ್ಟುಕೊಂಡಳು. ನಲವತ್ತರ ಒಳಗಿನ ಹೆಂಗಸು, ಕಣ್ಣಿನ ಸುತ್ತ ಕಪ್ಪು.

ಮುಂದಿನ ಸಲ ಗೌರಾಬಾಯಿ ಬಂದಾಗ ಮುಖ ಬೇರೆಯೇ ಆಗಿತ್ತು.

"ನೀ ಹೇಳಿದ್ದು ಒಂದೂ ಬಿಟ್ಟಿಲ್ಲವಾ. ಸಂಜಿ ಏಳಕ್ಕ ಬಿಸಿ ರೊಟ್ಟಿ ಉಣ್ತೀನಿ. ಕಾಲಿಗೆ ನೀರು, ಎಣ್ಣಿ, ಎಲ್ಲಾ ಆಗಾಕತ್ತೈತಿ. ಮುಂಜಾನಿ ಬಿಸಲಾಗ ಅಡ್ಡಾಡಿ ಬರತೀನಿ."

"ಒಬ್ಬರ ಹೋಗ್ತೀರೇನ್ರಿ?"

"ಈ ಟ್ರಾಫಿಕ್ಕಿನ್ಯಾಗ ಒಬ್ಬಾಕಿ ಹೆಂಗ ಹೋಗಲಿ? ಸುವರ್ಣಾ ಅದಾಳಲಾ. ಇನ್ನ ಒಂದೊಂದ ರಾತ್ರಿ ನಿದ್ದಿ ಹತ್ತಲಿಲ್ಲಂದ್ರ ನೀ ಹೇಳಿದಂಗ ಎದ್ದು ಪಡಸಾಲ್ಯಾಗ ಕುಂದರತೀನಿ. ಒಬ್ಬಾಕಿಗೆ ಬ್ಯಾಸರ ಆಕೈತಿ ನೋಡು, ಸುವರ್ಣಾನ ಎಬ್ಬಿಸ್ತೀನಿ. ಇಬ್ಬರೂ ಮಾತಾಡಕೋತ ಕುಂತ್ರ ಕಣ್ಣ ತಾವ ಎಳಿತಾವು."

ನಾನು ಅವರ ಹೆಗಲ ಮೇಲಿನಿಂದ ಹಿಂದೆ ನೋಡಿದೆ. ಸುವರ್ಣಾ ಅತ್ತೆಯ ಚೀಲವನ್ನು ಎದೆಗೆ ಅವಚಿಕೊಂಡು, ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬಾಯಿ ಅರ್ಧ ತೆರೆದಿತ್ತು. ಹೊರಗೆ ಕಂಪೌಂಡರ್ ಹೆಸರು ಕೂಗಿದ ಸದ್ದಿಗೂ ಅಲ್ಲಾಡಲಿಲ್ಲ.

ರಕ್ತದೊತ್ತಡ ನೋಡಿಸಿಕೊಳ್ಳಲು ಗೌರಾಬಾಯಿಯನ್ನು ಪಕ್ಕದ ಕೋಣೆಗೆ ಕಳಿಸಿ ಸುವರ್ಣಾಳನ್ನು ಎಬ್ಬಿಸಿದೆ. ಗಾಬರಿಯಾಗಿ ಎದ್ದು ನಿಂತು, ತಪ್ಪಾತ್ರಿ ಬಾಯಾರ ಎಂದಳು, ಊರ ಕಡೆ ನರ್ಸನ್ನು, ಟೀಚರನ್ನು ಕರೆಯುವ ಹಾಗೆ. ಕೂರಿಸಿ ಅವಳ ದಿನಚರಿ ಕೇಳಿದೆ. ಸಂಜೆ ಏಳಕ್ಕೆ ಅತ್ತೆಗೆ ಒಂದು ಅಡುಗೆ. ಆಮೇಲೆ ಮಕ್ಕಳದು. ಗಂಡ ಅಂಗಡಿ ಮುಚ್ಚಿ ಮನೆಗೆ ಬರುವುದು ರಾತ್ರಿ ಹನ್ನೊಂದಕ್ಕೆ. ಅವನಿಗೆ ಆಗ ಬಿಸಿ ರೊಟ್ಟಿ ಬಡಿಯಬೇಕು. ನಡುವೆ ಅತ್ತೆಯ ಕಾಲಿನ ಉಪಚಾರ. ಪಾತ್ರೆ ತೊಳೆದು ಮಲಗಿದರೆ ಪಡಸಾಲೆಯಿಂದ ಅತ್ತೆಯ ಕರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳಬೇಕು. ಮೊದಲು ಎಲ್ಲರಿಗೂ ಒಂದೇ ಸಲ ಅಡುಗೆ ಆಗುತ್ತಿತ್ತು, ಗಂಡನ ರೊಟ್ಟಿಯಷ್ಟೇ ಬೇರೆ. ಈಗ ನಮ್ಮ ಅಭ್ಯಾಸಗಳು ಶುರುವಾದ ಮೇಲೆ ಒಲೆಗೆ ಬಿಡುವಿಲ್ಲ.

"ನಿಮಗ ನಿದ್ದಿ ಬರೂದಿಲ್ಲೇನವಾ?" ಎಂದೆ.

"ನಂದೇನ್ರಿ ಬಾಯಾರ, ತಲಿ ಇಟ್ಟರ ಸಾಕು, ತಟ್ಟನ ಹತ್ತತೈತಿ. ಇಡಾಕ ಸಿಗಬೇಕಲ್ರಿ." ದೂರಿದಂತಾಗಬಾರದೆಂದು ತಾನೇ ಸೇರಿಸಿದಳು, "ಎಲ್ಲಾರೂ ಮಲಗಿದ ಮ್ಯಾಲೆ ಸೊಸಿ ಮಲಗೂದು ನಮ್ಮ ಮನ್ಯಾಗ ಪದ್ಧತಿ ಐತ್ರಿ."

ಆ ಪದ್ಧತಿ ಅವರ ಮನೆಯದು ಮಾತ್ರವಲ್ಲ. ನಮ್ಮ ಮನೆಯಲ್ಲೂ ಇತ್ತು. ನಮ್ಮ ಅವ್ವ ಮಲಗಿದ್ದನ್ನು ನಾವು ಮಕ್ಕಳು ನೋಡಿದ್ದೇ ಕಡಿಮೆ. ಹಾಗಾಗಿಯೇ ನನಗೆ ಅಷ್ಟು ಸಿಟ್ಟು ಬಂತೋ ಏನೋ. ಒಬ್ಬರ ಆರೋಗ್ಯದ ಅಭ್ಯಾಸವೆಲ್ಲ ಇನ್ನೊಬ್ಬಳ ಕೈಯಲ್ಲಿ ನಡೆಯುತ್ತಿತ್ತು, ಹೊಗಳಿಕೆ ಮಾತ್ರ ನಮ್ಮ ವಿಭಾಗಕ್ಕೆ ಬರುತ್ತಿತ್ತು. ಆಸ್ಪತ್ರೆಯ ಒಂದು ಸಮಾರಂಭದಲ್ಲಿ ಗೌರಾಬಾಯಿಯನ್ನು ವೇದಿಕೆಗೆ ಕರೆದು, ಮಾತ್ರೆಯಿಲ್ಲದೆ ನಿದ್ದೆ ಗೆದ್ದ ತಾಯಿ ಎಂದು ಹೂಗುಚ್ಛ ಕೊಟ್ಟರು. ಹೂಗುಚ್ಛವನ್ನು ಆಟೋದವರೆಗೆ ಹೊತ್ತುಕೊಂಡು ಹೋದವಳು ಸುವರ್ಣಾ.

ದೊಡ್ಡ ಡಾಕ್ಟರ ಬಳಿ ಹೋಗಿ, ಆ ಸೊಸೆಯನ್ನೂ ನೋಡಬೇಕು ಎಂದೆ.

"ಆಕೆ ನಮ್ಮ ಪೇಷಂಟ್ ಅಲ್ಲ ಸಿಸ್ಟರ್, ಪೇಷಂಟ್ ಕಡೆಯವಳು" ಎಂದರು.

ಹಾಗಾದರೆ ನಾವು ಬರೆದುಕೊಳ್ಳುವ ಪ್ರಶ್ನೆಗಳಲ್ಲಿ ಇನ್ನೊಂದನ್ನು ಸೇರಿಸಿ, ನೀವು ಮಲಗಬೇಕಾದರೆ ಮನೆಯಲ್ಲಿ ಯಾರು ಎದ್ದಿರಬೇಕಾಗುತ್ತದೆ ಎಂದು ಕೇಳೋಣ ಎಂದೆ. ಅಷ್ಟೊತ್ತಿಗೆ ಬರೆದುಕೊಳ್ಳುವ ಕಾಗದ ಹೋಗಿ ಟ್ಯಾಬ್ ಬಂದಿತ್ತು. ಅದರಲ್ಲಿ ಇದಕ್ಕೆ ಜಾಗವಿಲ್ಲ ಎಂದರು. ಹೊಸದಾಗಿ ಸೇರುವ ನೀವು ಟ್ಯಾಬಿನಲ್ಲಿ ಜಾಗವಿರಲಿ ಬಿಡಲಿ, ಇದನ್ನು ಕೇಳಿ. ಉತ್ತರ ಬಂದ ಮೇಲೆ ಏನು ಮಾಡಬೇಕು ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಾಗಲಿಲ್ಲ.

ಬಸವರಾಜನನ್ನೂ ಕರೆಸಿದೆ. ಮರ್ಯಾದಸ್ಥ ಮನುಷ್ಯ, ನಿಂತೇ ಮಾತಾಡಿದ.

"ಡಬ್ಬಿಯೊಳಗ ರೊಟ್ಟಿ ಇಟ್ಟಿರತಾರ, ಅವರು ಮಲಗಲಿ, ನೀವ ಬಡಿಸ್ಕೊಂಡು ಉಣ್ರಿ" ಎಂದೆ.

"ತಣ್ಣನ ರೊಟ್ಟಿ ನನಗ ಇಳಿಯೂದಿಲ್ರಿ ಮೇಡಂ. ದಿನಾ ಪೂರ್ತಿ ಗಿರಾಕಿ ಮುಂದ ನಿಂತಿರತೀನಿ, ಒಂದ ಹೊತ್ತು ಬಿಸಿ ಉಣ್ಣಾಕೂ ನಾ ಕೇಳಬಾರದೇನ್ರಿ? ಅಕಿ ಮಧ್ಯಾಹ್ನ ಮಲಗಲಿ, ಯಾರು ಬ್ಯಾಡ ಅಂದಾರ?"

ಮಧ್ಯಾಹ್ನ ಮಲಗಬಾರದೆಂದು ಗೌರಾಬಾಯಿಗೆ ನಾನೇ ಹೇಳಿದ್ದೆ. ಅವರು ಮಲಗದಂತೆ ಮಾತಾಡಿಸುತ್ತ ಕೂರುವುದೂ ಸುವರ್ಣಾಳ ಕೆಲಸವಾಗಿತ್ತು. ಇದನ್ನು ಹೇಳಿದೆ. ಬಸವರಾಜ ಅಂಗಡಿಗೆ ಹೊತ್ತಾಯಿತು ಎಂದು ಹೋದ.

ಅದಾದ ಕೆಲವು ದಿನಗಳಿಗೆ ಸುವರ್ಣಾ ಮುಂಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದಳು. ಅತ್ತೆಯ ಏಳು ಗಂಟೆಯ ರೊಟ್ಟಿ ಬೇಯಿಸುತ್ತ ಒಲೆಯ ಮುಂದೆ ನಿಂತಲ್ಲೇ ಕಣ್ಣು ಮುಚ್ಚಿದ್ದಾಳೆ. ಕೈ ಹಂಚಿನ ಮೇಲೆ ಬಿದ್ದಿದೆ, ಒರೆಸುವ ಬಟ್ಟೆಗೆ ಬೆಂಕಿ ಹತ್ತಿದೆ. ಮನೆಯವರು ಈಗ ನಿಜವಾಗಿ ಹೆದರಿದ್ದರು. ಗೌರಾಬಾಯಿ ನನ್ನ ಕೈ ಹಿಡಿದು, "ಇದೇನ ರೋಗನವಾ, ನಿಂತಲ್ಲೇ ನಿದ್ದಿ ಹೋಗೂದು? ನನ್ನ ಮಗಳಿದ್ದಂಗ ಅದಾಳ, ನೋಡಸ್ರಿ" ಎಂದು ಅತ್ತರು. ಆ ಅಳುವಿನಲ್ಲೂ ಸುಳ್ಳಿರಲಿಲ್ಲ.

ದೊಡ್ಡ ಡಾಕ್ಟರಿಗೆ ಈಗ ಕೇಸು ಕಂಡಿತು. ಹಗಲಿನಲ್ಲಿ ತಡೆಯಲಾರದೆ ನಿದ್ದೆ ಬರುವ ಕಾಯಿಲೆಗಳಿವೆ, ಪರೀಕ್ಷೆ ಮಾಡೋಣ ಎಂದರು. ತಲೆಗೆ, ಎದೆಗೆ ವೈರ್ ಅಂಟಿಸಿ ಒಂದು ರಾತ್ರಿ ಆಸ್ಪತ್ರೆಯಲ್ಲೇ ಮಲಗಿಸಿ ಯಂತ್ರದಲ್ಲಿ ನೋಡುವ ಪರೀಕ್ಷೆ ಅದು. ಅವಳಿಗೆ ಬೇಕಾದ್ದು ಯಂತ್ರವಲ್ಲ, ಮಲಗಲು ಹೊತ್ತು ಎಂದು ನಾನು ಬಾಯಿಬಿಟ್ಟು ಹೇಳಿದೆ. ಅದು ಮನೆಯ ವಿಷಯ, ನಮ್ಮದಲ್ಲ ಎಂದರು. ಕೊನೆಗೆ ನಾನೂ ಒಪ್ಪಿದೆ. ಹೇಗಾದರೂ ಅವಳ ಹೆಸರಿನಲ್ಲಿ ಒಂದು ಫೈಲು ಆಗಲಿ, ಮುಂದಿನ ಕುರ್ಚಿಯಲ್ಲಿ ಅವಳು ಕೂತರೆ ಮನೆಯವರನ್ನು ಎದುರಿಗಿಟ್ಟುಕೊಂಡು ನನ್ನ ಅರ್ಧ ಗಂಟೆ ಮಾತಾಡುತ್ತೇನೆ ಎಂಬ ಆಸೆ ನನ್ನದು.

ಆ ರಾತ್ರಿ ಬಸವರಾಜ ಹೋಟೆಲಿನಿಂದ ಊಟ ತರಿಸಿಕೊಂಡ. ಅದು ಇಳಿಯಿತಂತೆ. ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಬಂದಾಗ ನಮ್ಮ ಟೆಕ್ನಿಷಿಯನ್ ಹುಡುಗಿ ನಗುತ್ತ ಹೇಳಿದಳು, ವೈರ್ ಅಂಟಿಸಿ ಮುಗಿಯುವುದರೊಳಗೇ ನಿದ್ದೆ ಹೋದರು, ಬೆಳಿಗ್ಗೆ ಎಬ್ಬಿಸಲು ಸಾಕುಬೇಕಾಯಿತು ಎಂದು. ಸುವರ್ಣಾ ತಲೆಗೆ ಅಂಟಿದ್ದ ಅಂಟನ್ನು ತೊಳೆದುಕೊಂಡು ಹೊರಗೆ ಬಂದಳು. ಅವಳು ಅಷ್ಟು ಹಗುರಾಗಿ ನಡೆಯುವುದನ್ನು ನಾನು ಅದೇ ಮೊದಲು ನೋಡಿದ್ದು. ಮುಖದಲ್ಲಿ ಏನೋ ಗೆಲುವಿತ್ತು. ನನಗೆ ಖುಷಿಯಾಗುವ ಬದಲು ಭಯವಾಯಿತು. ವರದಿ ಏನು ಬರುತ್ತದೆಂದು ಅಲ್ಲೇ ಹೊಳೆದುಬಿಟ್ಟಿತು.

ವರದಿಯ ದಿನ ಮೂವರೂ ಬಂದರು. ದೊಡ್ಡ ಡಾಕ್ಟರು ತಾವೇ ನನ್ನ ಕೋಣೆಗೆ ಬಂದು ಹಿಂದಿಯಲ್ಲಿ ಹೇಳಿದರು. ಯಾವ ಕಾಯಿಲೆಯೂ ಇಲ್ಲ, ಬಹಳ ಒಳ್ಳೆಯ ನಿದ್ದೆ, ಇಷ್ಟು ಚೆನ್ನಾಗಿ ಮಲಗುವವರು ಇಲ್ಲಿಗೆ ಬರುವುದೇ ಅಪರೂಪ. ಅಷ್ಟು ಬೇಗ ನಿದ್ದೆ ಹತ್ತುವುದು, ಅಷ್ಟು ಆಳಕ್ಕೆ ಇಳಿಯುವುದು ನಿದ್ದೆಗೆ ಹಸಿದವರ ಲಕ್ಷಣ ಎಂದು ನಮಗೆ ಕಲಿಸಿದ್ದು ಇದೇ ಡಾಕ್ಟರು. ವರದಿಯ ಕೊನೆಯಲ್ಲಿ, ಸಾಕಷ್ಟು ಹೊತ್ತು ನಿದ್ದೆ ಮಾಡಲಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ಅದನ್ನು ಓದದೆ ಹೊರಟರು. ಬೇರೆ ರೋಗಿಗಳು ಕಾಯುತ್ತಿದ್ದರು.

ಗೌರಾಬಾಯಿ ಸೊಸೆಯ ಕೆನ್ನೆ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆದರು. "ಏನೂ ಇಲ್ಲಂತ ನನ್ನ ಕೂಸಿಗೆ. ಯಂತ್ರದಾಗ ನೋಡ್ಯಾರ. ಜೀವ ಹಗುರಾತು ನೋಡವಾ."

"ಮತ್ತ ನಾ ಮನ್ಯಾಗ ಮೊದಲ ಹೇಳಿದ್ನಲ್ರಿ, ಅಕಿ ಚಲೋ ಮಲಗತಾಳ" ಎಂದ ಬಸವರಾಜ.

ನನಗೆ ತಡೆಯಲಾಗಲಿಲ್ಲ. ಕೊನೆಯ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಇಲ್ಲಿ ಇಷ್ಟು ಚೆನ್ನಾಗಿ ಮಲಗಿದ್ದು ಯಾಕೆಂದರೆ ಇಲ್ಲಿ ಯಾರೂ ಆಕೆಯನ್ನು ಕರೆಯಲಿಲ್ಲ, ನಿಮ್ಮ ಮನೆಯಲ್ಲಿ ಎಲ್ಲರ ನಿದ್ದೆಯೂ ಈಕೆಯ ನಿದ್ದೆ ಕಿತ್ತುಕೊಂಡೇ ಆಗುತ್ತಿದೆ, ಇನ್ನೊಮ್ಮೆ ಒಲೆಯ ಮುಂದೆ ಬಿದ್ದರೆ ಕೈಯಷ್ಟೇ ಸುಡುವುದಿಲ್ಲ ಎಂದೆ. ದನಿ ಏರಿತ್ತು. ಬಾಗಿಲ ಹೊರಗಿದ್ದವರೆಲ್ಲ ತಿರುಗಿ ನೋಡಿದರು.

ಗೌರಾಬಾಯಿ ನನ್ನ ಕಡೆ ತಿರುಗಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ನೋವಾಗಿತ್ತು.

"ನಾ ಮಾಡಿಲ್ಲೇನವಾ ಇದನ್ನೆಲ್ಲಾ? ನಮ್ಮತ್ತಿ ಸಾಯೂ ಮಟಾ ನಾನೂ ಹಿಂಗ ಎದ್ದೀನಿ, ಹಿಂಗ ಬಿದ್ದೀನಿ. ನಾ ಯಾವ ದವಾಖಾನಿಗೆ ಹೋಗಿದ್ದೆ? ನನ್ನ ಯಾರು ಕೇಳ್ಯಾರ?"

ಬಸವರಾಜ ಎದ್ದು, ದವಾಖಾನೆಯವರು ಮನೆಯೊಳಗೆ ಕೈಹಾಕಬಾರದು ಎಂದು ಸಮಾಧಾನದಿಂದಲೇ ಹೇಳಿ, ಕೆಳಗೆ ಹೋಗಿ ದೂರು ಕೊಟ್ಟ. ಸಂಜೆಯೊಳಗೆ ದೊಡ್ಡ ಡಾಕ್ಟರು ಸುವರ್ಣಾಳ ಫೈಲು ಮುಚ್ಚಿಸಿದರು. ಪರೀಕ್ಷೆ ಸರಿಯಾಗಿ ಬಂದವರಿಗೆ ಸಲಹೆಯ ಅಗತ್ಯವಿಲ್ಲ ಎಂಬುದು ಅವರ ಮಾತು. ನನಗೆ ಬುದ್ಧಿ ಹೇಳಿದರು, ಸಂಸಾರದ ವಿಷಯದಲ್ಲಿ ತಲೆಹಾಕಬೇಡಿ ಎಂದರು. ನಾನು ಆಮೇಲೂ ವರ್ಷಗಟ್ಟಲೆ ಅಲ್ಲೇ ಕೂತು ಬೇರೆ ಬೇರೆ ಜನಕ್ಕೆ ಅದೇ ಅಭ್ಯಾಸಗಳನ್ನು ಹೇಳಿದೆ. ಆ ಕುಟುಂಬ ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಆದರೆ ಆ ದಿನ ಗಂಡ ದೂರು ಕೊಡಲು, ಅತ್ತೆ ಲಿಫ್ಟಿನ ಕಡೆಗೆ ಹೋದಾಗ ಸುವರ್ಣಾ ಒಂದು ಗಳಿಗೆ ಹಿಂದೆ ಉಳಿದಳು. ಬಾಗಿಲಿನ ಕಡೆ ಒಮ್ಮೆ ನೋಡಿ ನನ್ನ ಮೇಜಿನ ಹತ್ತಿರ ಬಂದಳು. ತನ್ನಿಂದಾಗಿ ನನಗೆ ತೊಂದರೆಯಾಯಿತೆಂದು ಏನೋ ಹೇಳಲು ಬಂದಿದ್ದಾಳೆ ಎಂದುಕೊಂಡೆ.

"ಬಾಯಾರ," ಎಂದಳು, ತೀರ ಸಣ್ಣ ದನಿಯಲ್ಲಿ. "ಆ ಟೆಸ್ಟು ಇನ್ನೊಮ್ಮೆ ಮಾಡಸಾಕ ಬರತೈತೇನ್ರಿ?"